ಉಡಿ ಕೊಡವಿದ ಮೂಲೆ

"ಗುರುಗಳೇ, ಕಣ್ಣೆದುರಿಗೇ ಇರುವುದು ನನಗೇಕೆ ದಕ್ಕುತ್ತಿಲ್ಲ?"

ಹೀಗೆ ಕೇಳಿದವನು ಹಾಲೇಶ. ಮಠಕ್ಕೆ ಬಂದು ಆರು ವರ್ಷವಾದ ಶಿಷ್ಯ. ಅಪ್ಪಣೆ ಪಡೆದು ಊರಿಗೆ ಹೊರಟುಬಿಡುವುದೆಂದು ನಿಶ್ಚಯಿಸಿಕೊಂಡು, ಹೆಗಲಿಗೆ ಬಟ್ಟೆಯ ಗಂಟು ಹಾಕಿಕೊಂಡೇ ಬಂದಿದ್ದ. ಗುರುಗಳು ಜಗಲಿಯಲ್ಲಿ ಕುಳಿತು ಬಿತ್ತನೆಗೆಂದು ಶೇಂಗಾ ಸುಲಿಯುತ್ತಿದ್ದರು. ಗಂಟನ್ನು ನೋಡಿದರು. ಇನ್ನೊಂದು ಕಾಯಿ ಸುಲಿದರು.

ಹಾಲೇಶ ತಾನೇ ಮುಂದುವರಿಸಿದ. "ಮೊದಲ ಐದು ವರ್ಷ ಪಾಠ ಚೆನ್ನಾಗಿಯೇ ಹತ್ತುತ್ತಿತ್ತು. ಈಗ ಒಂದು ವರ್ಷದಿಂದ ಏನೂ ಒಳಗಿಳಿಯುತ್ತಿಲ್ಲ. ನಾನು ಮಾಡದ ಪ್ರಯತ್ನವಿಲ್ಲ. ಬೆಳಗಿನ ಜಾವ ಇನ್ನೂ ಒಂದು ಗಂಟೆ ಮೊದಲೇ ಏಳತೊಡಗಿದೆ. ಬೊಮ್ಮಯ್ಯನವರ ಜೊತೆ ಒಂದೇ ಕೋಣೆಯಲ್ಲಿದ್ದೆನಲ್ಲ, ಕುರಿ ಮೇಯಿಸುವುದು ಬಿಟ್ಟು ನಲವತ್ತು ದಾಟಿದ ಮೇಲೆ ಅಕ್ಷರ ಕಲಿಯಲು ಬಂದವರು, ಒಂದೊಂದು ಪದ್ಯಕ್ಕೂ ನನ್ನನ್ನು ನಾಲ್ಕು ನಾಲ್ಕು ಸಲ ಅರ್ಥ ಕೇಳುತ್ತಿದ್ದರು. ಓದು ಇನ್ನೂ ಚೆನ್ನಾಗಲೆಂದು ಹೋದ ವರ್ಷವೇ ತಮ್ಮ ಅಪ್ಪಣೆ ಕೇಳಿಕೊಂಡು ಹಿಂದಿನ ಕೋಣೆಗೆ ಹೋದೆ. ಅಲ್ಲಿ ಯಾರ ಕಾಟವೂ ಇಲ್ಲ. ಓದುವುದನ್ನು ಎರಡರಷ್ಟು ಮಾಡಿದೆ. ರಾತ್ರಿಯ ಊಟ ಬಿಟ್ಟೆ. ಗ್ರಂಥ ಕೈಯಲ್ಲೇ ಇದೆ, ತಾವೂ ಎದುರಿಗೇ ಇದ್ದೀರಿ. ಪದ್ಯ ಬಾಯಿಗೆ ಬರುತ್ತದೆ, ಮನಸ್ಸಿಗೆ ಬರುವುದಿಲ್ಲ. ಈ ನೆಲ ನನಗೆ ಆಗಿಬರಲಿಲ್ಲ ಅಂತ ಕಾಣುತ್ತದೆ. ಹೊರಡುತ್ತೇನೆ."

"ಹೊರಡು" ಎಂದರು ಗುರುಗಳು. "ಆದರೆ ಪ್ರಶ್ನೆ ಕೇಳಿಬಿಟ್ಟೆಯಲ್ಲ, ಉತ್ತರ ಕೇಳಿಸಿಕೊಂಡು ಹೊರಡು. ಗಂಟು ಇಳಿಸು ಅಂತ ನಾನು ಹೇಳುವುದಿಲ್ಲ. ಹೊತ್ತುಕೊಂಡೇ ಕೇಳು. ಭಾರವಾದರೆ ಅದು ನಿನ್ನ ಪಾಡು."

ಹಾಲೇಶ ನಿಂತೇ ಇದ್ದ. ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಊರ ಪಡುವಣಕ್ಕೆ ಅವನದು ಮೂರು ಎಕರೆ ಹೊಲ. ಗೇಣು ಆಳ ಅಗೆದರೆ ಸಾಕು, ಸುಣ್ಣದ ಹರಳು ಸಿಗುವ ನೆಲ. ಅಂಥ ನೆಲದಲ್ಲಿ ಅವನ ಅಜ್ಜ ಶೇಂಗಾ ಬೆಳೆದಿದ್ದ, ಅಪ್ಪ ಬೆಳೆದಿದ್ದ, ಇವನೂ ಬೆಳೆಯುತ್ತಿದ್ದ. ಬೀಜ ಕೂಡ ಮನೆಯದೇ. ಪ್ರತಿ ಸುಗ್ಗಿಯಲ್ಲೂ ಗಟ್ಟಿ ಕಾಯಿ ಆರಿಸಿ ಮುಂದಿನ ಬಿತ್ತನೆಗೆ ಎತ್ತಿಡುವರು. ಅಜ್ಜನ ಕಾಲದಿಂದ ಆ ಬೀಜ ಒಂದು ವರ್ಷವೂ ತಪ್ಪಿರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಶೇಂಗಾ ನಾಲ್ಕು ಸಾಲು ಹೋದ ಮೇಲೆ ಬೇರೆ ಬೆಳೆಯದು ಒಂದು ಸಾಲು ಹೋಗಬೇಕು. ಅದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ನಿನಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಆರು ವರ್ಷ ಮಠದ ಹೊಲದ ಕೆಲಸ ತಪ್ಪಿಸಿಕೊಂಡಿದ್ದೀಯೆ ಎಂದಾಯಿತು. ಅವರ ಹೊಲದಲ್ಲಿ ಅಕ್ಕಡಿಗೆ ಮೆಕ್ಕೆಜೋಳ ಹಾಕುತ್ತಿದ್ದರು. ಆ ಸಾಲು ಮನೆಯ ಹೆಣ್ಣುಮಗಳಿಗೆ ಸೇರಿದ್ದು. ಬಿತ್ತುವ ದಿನ ಅವಳು ಉಡಿ ತುಂಬ ಜೋಳ ಕಟ್ಟಿಕೊಂಡು ಬರುವಳು, ತನ್ನ ಕೈಯಿಂದಲೇ ಬಿತ್ತುವಳು, ತೆನೆ ಬಂದಾಗ ತಾನೇ ಮುರಿದುಕೊಂಡು ಹೋಗುವಳು. ಇನ್ನೂ ಒಂದು ನೇಮವಿತ್ತು. ಒಮ್ಮೆ ಉಡಿಗೆ ಬಿದ್ದ ಬಿತ್ತನೆ ಕಾಳನ್ನು ತಿರುಗಿ ಮನೆಯೊಳಕ್ಕೆ ಒಯ್ಯುವಂತಿಲ್ಲ. ಉಳಿದರೆ ಹೊಲದಲ್ಲೇ ಎಲ್ಲಾದರೂ ಕೊಡವಿ ಬರಬೇಕು.

ರೈತನಿಗೆ ಒಬ್ಬಳು ಅಕ್ಕ. ಅವಳನ್ನು ಅದೇ ಊರಿಗೆ ಕೊಟ್ಟಿತ್ತು. ಗಂಡ ಗಾರೆ ಕೆಲಸದವನು, ಅವರಿಗೆ ಹೊಲವಿರಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅವಳು ಬಿತ್ತನೆಯ ದಿನ ತಪ್ಪಿಸಿದವಳಲ್ಲ.

ಒಂದು ವರ್ಷ ಕಾಯಿ ಕಟ್ಟುವ ಹೊತ್ತಿನಲ್ಲಿ ರೈತ ಹೊಲದ ಬದುವಿನ ಮೇಲೆ ಕುಳಿತು ಬೆಳೆ ನೋಡಿದ. ಮೆಕ್ಕೆಜೋಳ ಆಳುದ್ದ ಎದ್ದು ನಿಂತಿತ್ತು. ಅದರ ಮಗ್ಗುಲಲ್ಲೇ ಇದ್ದ ಶೇಂಗಾ ಗಿಡ್ಡ ಕಂಡಿತು. ಅನುಮಾನ ಬಂದು ಒಂದು ಕಡ್ಡಿ ಮುರಿದುಕೊಂಡು ಅಳೆದ. ಜೋಳದ ಪಕ್ಕದ ಗಿಡ ನಡುಸಾಲಿನ ಗಿಡಕ್ಕಿಂತ ಎರಡು ಬೆರಳು ಮೋಟು. ಹತ್ತು ಕಡೆ ಅಳೆದ, ಹತ್ತು ಕಡೆಯೂ ಅಷ್ಟೇ. ಕಳ್ಳ ಸಿಕ್ಕಿದ ಎಂದುಕೊಂಡ. ಇಷ್ಟು ವರ್ಷ ನನ್ನ ಶೇಂಗಾದ ಪಾಲನ್ನು ಈ ಜೋಳ ತಿನ್ನುತ್ತಿದೆ, ನಾನು ಸುಮ್ಮನೆ ನೋಡುತ್ತಿದ್ದೇನೆ ಎಂದು ಅವನಿಗೆ ಸಿಟ್ಟೇ ಬಂತು.

ಅವನು ಕೆಟ್ಟವನಲ್ಲ. ಅಳತೆಯಲ್ಲಿ ಚುರುಕು. ಆದರೆ ಅವನು ಎತ್ತರ ಅಳೆದ, ಎಲೆಯ ಬಣ್ಣ ನೋಡಲಿಲ್ಲ. ಬಣ್ಣ ಅಳೆಯಲು ಅವನ ಹತ್ತಿರ ಕಡ್ಡಿ ಇರಲಿಲ್ಲ.

ಮರುವರ್ಷ ಬಿತ್ತನೆಯ ದಿನ ಬಂತು. ರೈತ ಅರ್ಧ ಹೊಲ ಬಿತ್ತಿ ಆಗಿತ್ತು. ಅಕ್ಕ ಉಡಿ ತುಂಬ ಜೋಳ ಕಟ್ಟಿಕೊಂಡು ಬಂದಳು. ಅವನು ಬಿತ್ತುವ ಕೂರಿಗೆ ನಿಲ್ಲಿಸಿ ಹೇಳಿದ:

"ಅಕ್ಕ, ಈ ವರ್ಸದಿಂದ ಅಕ್ಕಡಿ ಬ್ಯಾಡ. ನಿನ್ನ ಜ್ವಾಳ ನನ್ನ ಶೇಂಗಾದ ಸಾರ ಎಲ್ಲಾ ಎಳ್ಕಂತೈತೆ. ಸುಗ್ಗಿ ಆದ್ಮೇಲೆ ಎರಡು ಮಂಕರಿ ಕಾಯಿ ನಾನೇ ನಿನ್ ಮನೆಗೆ ತಂದ್ ಹಾಕ್ತೀನಿ. ನಿಂಗೇನೂ ಮೋಸ ಇಲ್ಲ."

"ಕಾಳಿಗೋಸ್ಕರ ಬರ್ತಿದ್ನೇನೋ ತಮ್ಮಯ್ಯ ನಾನು?" ಎಂದಳು ಅಕ್ಕ. "ವರ್ಸಕ್ಕೊಂದ್ ದಿನ ಅಪ್ಪನ ಹೊಲದಾಗೆ ಕಾಲಿಡ್ತಿದ್ದೆ. ಅದೂ ಬ್ಯಾಡ ಅಂತೀಯ. ಆಗ್ಲಿ ಬಿಡು."

ಅವಳ ಉಡಿ ತುಂಬಿತ್ತು, ಮನೆಗೆ ಒಯ್ಯುವಂತಿಲ್ಲ. ಆಗಲೇ ಶೇಂಗಾ ಬಿತ್ತಿ ಆಗಿದ್ದ ತೆಂಕಣ ಮೂಲೆಗೆ ನಡೆದುಹೋಗಿ, ಅಲ್ಲಿ ಓಡಾಡುತ್ತ ಉಡಿ ಕೊಡವಿದಳು. ತಿರುಗಿ ನೋಡದೆ ಊರ ಕಡೆ ಹೊರಟುಹೋದಳು. ಕೂಗಿ ಕರೆಯಬೇಕೆಂದು ರೈತನಿಗೆ ಬಾಯಿವರೆಗೆ ಬಂತು, ಕರೆಯಲಿಲ್ಲ. ಸಂಜೆ ಕುಂಟೆ ಹೊಡೆದು ಬೀಜ ಮುಚ್ಚುವಾಗ ಆ ಮೂಲೆಯ ಕಾಳೂ ಮಣ್ಣಿನೊಳಗೆ ಸೇರಿಕೊಂಡಿತು. ಆಮೇಲೆ ಅವನು ಆ ಮೂಲೆಯ ಕಡೆ ಹೋಗುವುದನ್ನೇ ಬಿಟ್ಟ.

ಮಳೆ ಚೆನ್ನಾಗಿ ಬಂತು. ಶೇಂಗಾ ಒಂದೇ ಸಮ ಹುಟ್ಟಿತು. ಇಪ್ಪತ್ತು ದಿನ ರೈತ ಮೀಸೆ ತಿರುವಿಕೊಂಡು ಓಡಾಡಿದ. ಇಪ್ಪತ್ತೊಂದನೆಯ ದಿನ ನೋಡಿದರೆ ಕುಡಿಯ ಎಲೆ ಹಳದಿಯಾಗಿತ್ತು.

ಅವನಿಗೆ ಅರ್ಥವಾಗಲಿಲ್ಲ. ಗೊಬ್ಬರ ಸಾಲದಿದ್ದರೆ ಮೊದಲು ಹಣ್ಣಾಗುವುದು ಕೆಳಗಿನ ಹಳೆಯ ಎಲೆ. ಇಲ್ಲಿ ಹಳೆಯ ಎಲೆ ಹಸಿರಾಗಿ ಚೆನ್ನಾಗಿಯೇ ಇತ್ತು, ಈಗ ಹುಟ್ಟಿದ ಎಲೆ ಹಳದಿ. ಎಲೆಯ ನರ ಮಾತ್ರ ಹಸಿರು ಗೆರೆ ಎಳೆದಂತೆ ಉಳಿದಿತ್ತು. ಅಜ್ಜ ಹೊಟ್ಟೆ ತುಂಬ ಉಂಡು ಕುಳಿತಿದ್ದಾನೆ, ಮೊಮ್ಮಗ ಹಸಿದು ಸೊರಗುತ್ತಿದ್ದಾನೆ, ಹಾಗೆ.

ನೀರು ಸಾಲಲಿಲ್ಲವೇನೋ ಎಂದುಕೊಂಡು ಬಾವಿಯಿಂದ ನೀರು ಹಾಯಿಸಿದ. ನಾಲ್ಕು ದಿನಕ್ಕೆ ಹಳದಿ ಹೆಚ್ಚಾಯಿತು. ನೀರೇ ಹೆಚ್ಚಾಯಿತೇನೋ ಎಂದು ನಿಲ್ಲಿಸಿದ. ಹಳದಿ ಹೋಗಿ ಎಲೆ ಬಿಳಿಚಿಕೊಂಡಿತು. ತಿಪ್ಪೆ ಗೊಬ್ಬರ ಹೊತ್ತು ಹಾಕಿದ. ಗಿಡದ ಬುಡಕ್ಕೆ ಸಗಣಿ ನೀರು ಹೊಯ್ದ. ಗಿಡ ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಬೆಳ್ಳಗೆ ನಿಂತೇ ಇತ್ತು. ಪಕ್ಕದವನ ಹೊಲದಲ್ಲಿ ಶೇಂಗಾ ಹಸಿರಾಗಿತ್ತು. ನಡುವೆ ಇದ್ದದ್ದು ಒಂದೇ ಬದು. ಪಕ್ಕದವನ ಹೊಲದಲ್ಲಿ ಅಕ್ಕಡಿ ಸಾಲಿದೆ ಎಂಬುದು ಅವನ ಕಣ್ಣಿಗೆ ಕಂಡರೂ ತಲೆಗೆ ಹೋಗಲಿಲ್ಲ. ಅವನ ನೆಲವೇ ಒಳ್ಳೆಯದು, ನನ್ನ ಹೊಲಕ್ಕೆ ಯಾರದೋ ದೃಷ್ಟಿ ತಾಕಿದೆ ಎಂದು ಒಂದು ಗಡಿಗೆಗೆ ಸುಣ್ಣದ ಬೊಟ್ಟು ಇಟ್ಟು ಹೊಲದ ನಡುವೆ ಗೂಟಕ್ಕೆ ಬೋರಲು ಹಾಕಿದ. ಸುಣ್ಣದಿಂದಲೇ ಕೆಟ್ಟ ಹೊಲಕ್ಕೆ ಇನ್ನಷ್ಟು ಸುಣ್ಣ!

ಗೊಬ್ಬರದ ಅಂಗಡಿಯವನು ಒಂದು ಎಲೆ ನೋಡಿ, "ಇದು ಕಬ್ಬಿಣದ ಹಸಿವು" ಎಂದ. ರೈತ ಮುಂದಿನ ಮಾತು ಕೇಳಲು ನಿಲ್ಲಲಿಲ್ಲ. ಕಬ್ಬಿಣ ತಾನೇ, ಮನೆಯಲ್ಲೇ ಇದೆಯಲ್ಲ ಎಂದು ಓಡಿದ. ಎತ್ತಿನ ಹಳೆಯ ಲಾಳ, ಕುಂಟೆಯ ಮುರಿದ ಕುಡ, ಸವೆದ ನೇಗಿಲ ಕುಳ, ಬಾಗಿಲ ತಿರುಗಣಿ, ಸಿಕ್ಕಿದ್ದನ್ನೆಲ್ಲ ಒಯ್ದು ಸಾಲುಸಾಲಿಗೆ ಹೂತ. ಸಂಜೆ ಹೆಂಡತಿ ರೊಟ್ಟಿಯ ಹಂಚು ಹುಡುಕಿದಳು. ಅದೂ ಹೊಲದಲ್ಲಿತ್ತು. ಆ ದಿನ ಅವರ ಮನೆಯಲ್ಲಿ ರೊಟ್ಟಿಯಿಲ್ಲ, ಮುದ್ದೆ. ಹದಿನೈದು ದಿನ ಕಾದ. ಲಾಳಕ್ಕೆ ತುಕ್ಕು ಹಿಡಿಯಿತು. ಗಿಡಕ್ಕೆ ಹಸಿರು ಹಿಡಿಯಲಿಲ್ಲ.

ಕೊನೆಗೆ ಹಿಡಿ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಮಣ್ಣು ಪರೀಕ್ಷೆ ಮಾಡುವವರೊಬ್ಬರ ಹತ್ತಿರ ಹೋದ. ಅವರು ಎಂಟು ದಿನ ಬಿಟ್ಟು ಬರಹೇಳಿದರು. ಎಂಟನೆಯ ದಿನ ಅವರು ಅಂದದ್ದು ಕೇಳಿ ರೈತನಿಗೆ ತಲೆ ಸುತ್ತಿತು. "ನಿಮ್ಮ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ನಿಮ್ಮ ಮೊಮ್ಮಕ್ಕಳು ಬೆಳೆದರೂ ಮುಗಿಯುವುದಿಲ್ಲ" ಎಂದರು ಅವರು.

"ಮತ್ತೆ ಗಿಡ ಯಾಕೆ ಸಾಯ್ತೈತೆ ಸ್ವಾಮಿ?"

"ಇದೆ, ಆದರೆ ಗಿಡಕ್ಕೆ ಸಿಗುವ ಹಾಗಿಲ್ಲ. ಸುಣ್ಣ ಅದನ್ನು ಬಿಟ್ಟುಕೊಡುತ್ತಿಲ್ಲ."

"ಐತೆ ಅಂದ್ಮೇಲೆ ಸಿಗ್ಬೇಕು. ಸಿಗಾಕಿಲ್ಲ ಅಂದ್ರೆ ಇಲ್ಲ ಅಂತ್ಲೇ ಅಲ್ವಾ?"

ಅವರು ಸಮಾಧಾನದಿಂದಲೇ ಅನ್ನಭೇದಿ ಎಂಬ ಕಬ್ಬಿಣದ ಉಪ್ಪಿನ ನೀರನ್ನು ಎಲೆಗೆ ಸಿಂಪಡಿಸಲು ಹೇಳಿಕೊಟ್ಟರು. ರೈತ ಹಾಗೆಯೇ ಮಾಡಿದ. ಬಿದ್ದ ಕಡೆ ಎಲೆ ಹಸಿರಾಯಿತು. ಅವನಿಗೆ ಜೀವ ಬಂದಂತಾಯಿತು. ಹತ್ತು ದಿನಕ್ಕೆ ಹೊಸ ಎಲೆ ಬಂತು. ಅದು ಬಿಳಿ. ಮತ್ತೆ ಸಿಂಪಡಿಸಿದ. ಮತ್ತೆ ಹೊಸ ಎಲೆ ಬಂತು. ಅದೂ ಬಿಳಿ. ಹೊರಗಿನಿಂದ ಕೊಟ್ಟದ್ದು ಕೊಟ್ಟ ಎಲೆಗಷ್ಟೇ ಆಗುತ್ತಿತ್ತು.

ಇಲ್ಲಿ ಹಾಲೇಶ ಬಾಯಿ ಹಾಕಿದ. "ನನಗೂ ಗೊಂದಲವಾಗುತ್ತಿದೆ ಗುರುಗಳೇ. ಇರುವುದು ಸಿಗುವುದಿಲ್ಲ ಎಂದರೆ ಹೇಗೆ?"

"ಅದು ನಿನ್ನದೇ ಪ್ರಶ್ನೆ. ಈಗ ತಾನೇ ನನ್ನನ್ನು ಕೇಳಿದೆ. ಅಷ್ಟು ಬೇಗ ಮರೆತೆಯಾ?" ಎಂದರು ಗುರುಗಳು. ಬುಟ್ಟಿಯನ್ನು ಅವನ ಕಡೆ ಸ್ವಲ್ಪ ತಳ್ಳಿದರು. ಹಾಲೇಶ ಗಂಟನ್ನು ಮಗ್ಗುಲಲ್ಲಿಟ್ಟು ಕುಳಿತ. ಒಂದು ಕಾಯಿ ತೆಗೆದುಕೊಂಡು ಸುಲಿದ. ಗುರುಗಳು ಮುಂದುವರಿಸಿದರು.

ರೈತ ಹೊಲದ ಬದುವಿನ ಮೇಲೆ ಕುಳಿತು ಯೋಚಿಸಿದ. ನೀರು ಕೊಟ್ಟರೆ ಹಳದಿ, ಬಿಟ್ಟರೆ ಬಿಳಿ. ಒಬ್ಬ ಕಬ್ಬಿಣ ಇಲ್ಲ ಎನ್ನುತ್ತಾನೆ, ಇನ್ನೊಬ್ಬ ತುಂಬಿ ತುಳುಕುತ್ತಿದೆ ಎನ್ನುತ್ತಾನೆ. ಕಳ್ಳನನ್ನು ಹೊರಗೆ ಹಾಕಿದ ಮೇಲೆ ಕಳುವು ಹೆಚ್ಚಾಗಿದೆ. ಅವನ ಯೋಚನೆ ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಅಲ್ಲಿಗೇ ಬಂತು. ಒಂದು ಗಿಡ ಕಿತ್ತು ನೋಡಿದ. ಕಾಯಿ ಜೊಳ್ಳು. ಇನ್ನೊಂದು ಕಿತ್ತ, ಅದೂ ಜೊಳ್ಳು. ಆಗ ಅವನಿಗೆ ನಿಜವಾದ ಭಯ ಹುಟ್ಟಿತು. ಒಂದು ವರ್ಷದ ಬೆಳೆ ಹೋದರೆ ಹೋಗಲಿ. ಬಿತ್ತನೆಗೆ ಕಾಯಿ ಸಿಗದಿದ್ದರೆ ಅಜ್ಜನ ಕಾಲದ ಬೀಜ ತನ್ನ ಕೈಯಲ್ಲಿ ಮುಗಿದುಹೋಗುತ್ತದೆ. ಅವನು ಅಲ್ಲೇ ಕುಳಿತು ಅತ್ತ.

ಮರುದಿನ ಅವನ ಕರು ಹಗ್ಗ ಕಿತ್ತುಕೊಂಡು ಹೊಲಕ್ಕೆ ನುಗ್ಗಿತು. ಇಡೀ ಹೊಲ ಬಿಟ್ಟು ನೇರವಾಗಿ ತೆಂಕಣ ಮೂಲೆಗೆ ಹೋಯಿತು. ಅದನ್ನು ಓಡಿಸಲು ರೈತ ಎರಡೂವರೆ ತಿಂಗಳ ಮೇಲೆ ಮೊದಲ ಸಲ ಆ ಮೂಲೆಗೆ ಕಾಲಿಟ್ಟ. ಅಲ್ಲಿ ಅಕ್ಕ ಕೊಡವಿದ ಮೆಕ್ಕೆಜೋಳ ಎದೆಯುದ್ದ ಬೆಳೆದಿತ್ತು. ಅದರ ಬುಡದಲ್ಲಿ ಶೇಂಗಾ ಕಡುಹಸಿರಾಗಿತ್ತು. ಒಂದು ಒಕ್ಕಣೆ ಕಣದಷ್ಟು ಅಗಲ ಹಸಿರು, ಆಮೇಲೆ ಸ್ವಲ್ಪ ತಿಳಿಹಸಿರು, ಆಮೇಲೆ ಹಳದಿ, ಆಮೇಲೆ ಅವನ ಬಿಳಿಯ ಹೊಲ. ಒಂದು ಗಿಡ ಕಿತ್ತ. ಕಾಯಿ ಗಟ್ಟಿಯಾಗಿ ತುಂಬಿತ್ತು.

ಅವನಿಗೆ ಸಂತೋಷವಾಗಬೇಕಿತ್ತು. ಅನುಮಾನ ಬಂತು. ಅಕ್ಕ ಇಲ್ಲಿ ಏನೋ ಹಾಕಿ ಹೋಗಿದ್ದಾಳೆ, ಅಥವಾ ಇಲ್ಲೊಂದು ಬಿಟ್ಟು ಮಿಕ್ಕ ಹೊಲಕ್ಕೆ ಏನೋ ಮಾಡಿಸಿದ್ದಾಳೆ ಎಂದುಕೊಂಡ. ಜೋಳ ಅವನ ಮೂಗಿನ ಮುಂದೆಯೇ ಅಲ್ಲಾಡುತ್ತಿತ್ತು. ಅವನು ನೋಡಲಿಲ್ಲ. ಅದನ್ನು ಕಳ್ಳ ಎಂದು ಹಿಂದಿನ ವರ್ಷವೇ ತೀರ್ಮಾನಿಸಿ ಆಗಿತ್ತಲ್ಲ, ಮತ್ತೆ ವಿಚಾರಿಸುವುದು ಎಲ್ಲಿಂದ ಬಂತು? ಕರುವನ್ನು ಅಲ್ಲೇ ಬಿಟ್ಟು ನೇರವಾಗಿ ಅಕ್ಕನ ಮನೆಗೆ ಹೋದ.

"ನನ್ನ ಹೊಲಕ್ಕೆ ಏನ್ ಹಾಕ್ದೆ ಅಕ್ಕ ನೀನು?" ಎಂದು ಕೇಳಿದ.

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳ ಮುಖ ಸಣ್ಣದಾಯಿತು. "ಉಡಿ ಕೊಡವ್ದೆ. ನೀನೂ ನೋಡ್ತಾ ನಿಂತಿದ್ದೆ. ಅದ್ ಬಿಟ್ರೆ ಆ ಕಡೆ ಮಕ ಹಾಕಿಲ್ಲ ನಾನು" ಎಂದಳು. "ಬರೀ ಜ್ವಾಳ ಕಣೋ. ಇಂಥಾ ಮಾತು ಕೇಳ್ಸಕ್ಕಾ ಇಲ್ಲೀಗಂಟ ಬಂದೆ?"

ಅವನು ಹೊಲಕ್ಕೆ ಹಿಂತಿರುಗಿದ. ಹೋಗುವಾಗ ಇದ್ದದ್ದಕ್ಕಿಂತ ಗೊಂದಲ ಹೆಚ್ಚಾಗಿತ್ತು, ಜೊತೆಗೆ ನಾಚಿಕೆಯೂ ಸೇರಿತ್ತು. ಅಕ್ಕ ಸುಳ್ಳು ಹೇಳುವವಳಲ್ಲ. ಬರೀ ಜೋಳ ಎಂದರೆ ಬರೀ ಜೋಳ. ಗುದ್ದಲಿ ತಂದು ಆ ಮೂಲೆಯಲ್ಲಿ ಒಂದು ಜೋಳದ ದಂಟನ್ನೂ ಅದರ ಪಕ್ಕದ ಶೇಂಗಾವನ್ನೂ ಹೆಂಟೆ ಸಮೇತ ಎತ್ತಿದ. ಮಣ್ಣು ಉದುರಿಸಿ ಬೇರು ಬಿಡಿಸಲು ನೋಡಿದ. ಬಿಡಿಸಲು ಬರಲಿಲ್ಲ. ಜೋಳದ ಎಳೆಬೇರು ಶೇಂಗಾದ ಬೇರಿನ ಸುತ್ತ ಹೆಣೆದುಕೊಂಡಿತ್ತು. ಯಾವುದು ಯಾರದೆಂದು ಗೊತ್ತಾಗಲಿಲ್ಲ. ಎಳೆದರೆ ಎರಡೂ ಹರಿದವು. ಕದ್ದವನೂ ಕಳೆದುಕೊಂಡವನೂ ಹೀಗೆ ತಬ್ಬಿಕೊಂಡು ಇರುವುದಿಲ್ಲ ಎಂಬುದಷ್ಟು ಅವನಿಗೆ ಹೊಳೆಯಿತು. ಅದಕ್ಕಿಂತ ಹೆಚ್ಚು ಹೊಳೆಯಲಿಲ್ಲ.

ಮಣ್ಣಿನೊಳಗೆ ಏನು ನಡೆಯುತ್ತಿತ್ತು ಎಂಬುದನ್ನು ತಿಳಿದವರು ನನಗೆ ಹೇಳಿದ್ದಾರೆ. ಸುಣ್ಣದ ನೆಲದಲ್ಲಿ ಕಬ್ಬಿಣ ಕರಗದೆ ಗಟ್ಟಿಯಾಗಿ ಕುಳಿತಿರುತ್ತದೆ. ಕರಗದ್ದನ್ನು ಬೇರು ಕುಡಿಯಲಾರದು. ಶೇಂಗಾ ಸುಮ್ಮನಿರುವುದಿಲ್ಲ. ಅದೂ ಬೇರಿನಿಂದ ಹುಳಿ ಬಿಟ್ಟು ಕರಗಿಸಲು ನೋಡುತ್ತದೆ. ಆ ಹುಳಿಯನ್ನು ಸುಣ್ಣ ಅಲ್ಲೇ ಕೊಂದುಬಿಡುತ್ತದೆ. ನೀರು ನಿಂತರೆ ಸುಣ್ಣದ ಜೋರು ಇನ್ನೂ ಹೆಚ್ಚು. ಮೆಕ್ಕೆಜೋಳದ ದಾರಿ ಬೇರೆ. ಅದಕ್ಕೆ ಕಬ್ಬಿಣದ ಹಸಿವಾದಾಗ ಬೇರಿನ ತುದಿಯಿಂದ ಒಂದು ರಸ ಒಸರುತ್ತದೆ, ಬೆಳಗಿನ ಹೊತ್ತು ಹೆಚ್ಚು. ಸುಣ್ಣ ಆ ರಸವನ್ನು ಕೆಡಿಸಲಾರದು. ರಸ ಹೋಗಿ ಕಬ್ಬಿಣದ ಕಣವನ್ನು ಹಿಡಿದು ಬಿಡಿಸುತ್ತದೆ. ಬಿಡಿಸಿದ್ದೆಲ್ಲವನ್ನೂ ಜೋಳ ಒಂದೇ ಕುಡಿದು ಮುಗಿಸುವುದಿಲ್ಲ. ಪಕ್ಕದಲ್ಲೇ ಬೇರು ಚಾಚಿಕೊಂಡ ಶೇಂಗಾಕ್ಕೂ ಒಂದಿಷ್ಟು ಸಿಗುತ್ತದೆ. ಜೋಳಕ್ಕೆ ದಾನ ಮಾಡುವ ಬುದ್ಧಿ ಏನೂ ಇಲ್ಲ. ಅದು ತನ್ನ ಹಸಿವಿಗೆ ತಾನು ಬೇಡುತ್ತದೆ. ಮತ್ತೆ ಮತ್ತೆ ಬೇಡುತ್ತದೆ. ಅದು ಬೇಡಿದ್ದರಿಂದ ಮಗ್ಗುಲಿನವನ ಹೊಟ್ಟೆಯೂ ತುಂಬುತ್ತದೆ. ಅದರ ನೆರಳಿಗೆ ಶೇಂಗಾ ಎರಡು ಬೆರಳು ಮೋಟಾಗುವುದೂ ನಿಜವೇ. ರೈತನ ಕಡ್ಡಿ ಸುಳ್ಳು ಹೇಳಿರಲಿಲ್ಲ.

"ರೈತನಿಗೆ ಇದೆಲ್ಲ ತಿಳಿಯಿತೇ?" ಎಂದು ಹಾಲೇಶ ಕೇಳಿದ.

ಇಲ್ಲ. ಅವನಿಗೆ ತಿಳಿದದ್ದು ಅಕ್ಕನನ್ನು ಕರೆಯಬೇಕು ಎಂಬುದು ಮಾತ್ರ. ಅದೇನು ಸಣ್ಣ ತಿಳಿವಳಿಕೆಯಲ್ಲ. ಸುಗ್ಗಿ ಬಂತು. ಮೂರು ಎಕರೆಯಲ್ಲಿ ಸಿಕ್ಕಿದ್ದು ಬರೀ ಜೊಳ್ಳು, ದನದ ಮುಂದೆ ಹಾಕುವಂಥದ್ದು. ತೆಂಕಣ ಮೂಲೆಯಲ್ಲಿ ಮಾತ್ರ ಒಂದು ಮಂಕರಿ ಗಟ್ಟಿ ಕಾಯಿ ಸಿಕ್ಕಿತು. ಅದನ್ನು ಅವನು ಮನೆಯಲ್ಲಿ ಯಾರಿಗೂ ಮುಟ್ಟಗೊಡಲಿಲ್ಲ. ಅಜ್ಜನ ಕಾಲದ ಬೀಜ ಅಷ್ಟರಲ್ಲಿ ಉಳಿದಿತ್ತು.

ಮತ್ತೆ ಬಿತ್ತನೆಯ ದಿನ ಬಂತು. ಅಕ್ಕ ಬರಲಿಲ್ಲ. ಯಾಕೆ ಬರುತ್ತಾಳೆ? ರೈತ ಟವೆಲಿನಲ್ಲಿ ಮೆಕ್ಕೆಜೋಳ ಕಟ್ಟಿಕೊಂಡು ಅವಳ ಮನೆಗೆ ಹೋದ. ಅವಳು ಹೊರಗಿನ ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದಳು. ತಮ್ಮನನ್ನು ನೋಡಿದರೂ ನೋಡದವಳ ಹಾಗಿದ್ದಳು. ತಪ್ಪಾಯಿತು ಎಂಬ ಮಾತನ್ನು ಅವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಎದುರಿಗೆ ನಿಂತಾಗ ಅದನ್ನು ಹೇಳುವ ಬದಲು ಟವೆಲಿನ ಗಂಟು ಬಿಚ್ಚಿ ಕಾಳನ್ನೆಲ್ಲ ಅವಳ ಉಡಿಗೆ ಸುರಿದುಬಿಟ್ಟ.

"ಕೇಳಿ ಸುರೀಬಾರ್ದೇನೋ?" ಎಂದಳು ಅಕ್ಕ.

"ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ."

ಈಗ ಅವಳು ಎದ್ದು ಒಳಗೆ ಹೋಗುವಂತಿರಲಿಲ್ಲ. ಬಿತ್ತನೆ ಕಾಳು ಉಡಿಗೆ ಬಿದ್ದಾಗಿತ್ತು. ಸೆರಗಿನ ತುದಿಯಿಂದ ಕಣ್ಣೊರಸಿಕೊಂಡು, ಉಡಿ ಹಿಡಿದುಕೊಂಡು, ಹೊಲದ ದಾರಿ ಹಿಡಿದಳು. ತಮ್ಮ ಅವಳ ಹಿಂದೆ ನಡೆದ. ಇದ್ದ ಬೀಜಕ್ಕೆ ಶೇಂಗಾ ಬಂದದ್ದು ಎಂಟು ಸಾಲು, ಅದಕ್ಕೆ ಅಕ್ಕಡಿ ಎರಡು ಸಾಲು. ಉಡಿಯಲ್ಲಿ ಇನ್ನೂ ಕಾಳು ಉಳಿದಿತ್ತು. ಅದನ್ನು ಅವಳು ಹಳೆಯ ಮೂಲೆಗೇ ಹೋಗಿ ಕೊಡವಿದಳು. ಊರ ಕಡೆ ಹೊರಡುವಾಗ ಈ ಸಲ ಒಮ್ಮೆ ತಿರುಗಿ ನೋಡಿದಳು.

ಗುರುಗಳು ಕತೆ ನಿಲ್ಲಿಸಿದರು. ಬುಟ್ಟಿಯ ಕಾಯಿ ಮುಗಿಯುತ್ತ ಬಂದಿತ್ತು. ಹಾಲೇಶನ ಮುಂದೆ ಸಿಪ್ಪೆಯ ಗುಡ್ಡೆ ಬಿದ್ದಿತ್ತು.

ಅವನು ಹೇಳಿದ. "ಶೇಂಗಾದ ವಿಷಯ ಅರ್ಥವಾಯಿತು ಗುರುಗಳೇ. ಅಕ್ಕನ ವಿಷಯ ಕೇಳಿ ಮನಸ್ಸಿಗೆ ನೋವೂ ಆಯಿತು. ಆದರೆ ನಾನು ಕೇಳಿದ್ದು ನನ್ನ ಓದಿನ ಬಗ್ಗೆ. ನಿದ್ದೆ ಕಡಿಮೆ ಮಾಡಿದೆ, ಊಟ ಬಿಟ್ಟೆ, ಓದು ಹೆಚ್ಚಿಸಿದೆ. ನಾನು ಯಾರ ಪಾಲನ್ನೂ ಕಿತ್ತುಕೊಂಡಿಲ್ಲ, ಯಾರಿಗೂ ಬರಬೇಡ ಎಂದಿಲ್ಲ. ನನ್ನ ಪಾಡಿಗೆ ನಾನು ಹಿಂದಿನ ಕೋಣೆಯಲ್ಲಿದ್ದೇನೆ. ಈ ಕತೆ ನನಗೆ ಹೇಗೆ ಉತ್ತರವಾಗುತ್ತದೆ, ಗೊತ್ತಾಗುತ್ತಿಲ್ಲ."

ಗುರುಗಳು ಕೊನೆಯ ಕಾಯಿಯನ್ನು ಸುಲಿದು ಬೀಜವನ್ನು ಮೊರಕ್ಕೆ ಹಾಕಿದರು.

"ಬೊಮ್ಮಯ್ಯ ಈಗ ಪದ್ಯದ ಅರ್ಥವನ್ನು ಯಾರ ಹತ್ತಿರ ಕೇಳುತ್ತಾನೆ?" ಎಂದರು.

ಹಾಲೇಶ ಬೊಮ್ಮಯ್ಯನವರ ಕೋಣೆಯ ಕಡೆ ನೋಡಿದ. ಅವನಿಗೆ ಗೊತ್ತಿರಲಿಲ್ಲ.